‘ಮೇಡಂ, ಒಂದ್ ಮಾತ ಕೇಳ್ಲೇನ್ರಿ?’: ವಿಜಯಪುರದ ಬಾಸ್ಕೆಟ್‌ಬಾಲ್ ಕೋಚ್‌ಗೆ ಪದೇ ಪದೇ ಬರುವ ಪ್ರಶ್ನೆಗಳು

ವಿಜಯಪುರದ ಒಂದು ಮಹಿಳಾ ಕಾಲೇಜಿನಲ್ಲಿ 22 ವರ್ಷದಿಂದ ಬಾಸ್ಕೆಟ್‌ಬಾಲ್ ಆಡಿಸುತ್ತಿದ್ದೇನೆ. ಹುಡುಗಿಯರು ಬದಲಾಗುತ್ತಾರೆ, ಪ್ರಶ್ನೆಗಳು ಬದಲಾಗುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಹೊಸದಾಗಿ ಕೆಲಸಕ್ಕೆ ಸೇರಿದ ಹಳೆ ವಿದ್ಯಾರ್ಥಿನಿಯರು ಪತ್ರ ಬರೆದು ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನಿಮಗೆ ಬೇಕಾದದ್ದನ್ನಷ್ಟೇ ಓದಿ.

## ಮೊದಲ ಸಲ ಕೇಳುವವರಿಗೆ

ನೀವು ಪಿ.ಟಿ. ಟೀಚರ್ ಏನ್ರಿ, ಕೋಚ್ ಏನ್ರಿ?

ಎರಡೂ. ನನ್ನ ಹುದ್ದೆಯ ಹೆಸರು ದೈಹಿಕ ಶಿಕ್ಷಣ ನಿರ್ದೇಶಕಿ. ನಮ್ಮ ಕಡೆಯ ಹೆಚ್ಚಿನ ಡಿಗ್ರಿ ಕಾಲೇಜುಗಳಲ್ಲಿ ಬಾಸ್ಕೆಟ್‌ಬಾಲ್‌ಗೆ ಅಂತ ಬೇರೆ ಕೋಚ್ ಇರುವುದಿಲ್ಲ. ಖೋ ಖೋದಿಂದ ಚೆಸ್‌ವರೆಗೆ ಎಲ್ಲ ತಂಡವನ್ನೂ ಒಬ್ಬರೇ ನೋಡಿಕೊಳ್ಳಬೇಕು. ನಾನು ಓದುವಾಗ ಬಾಸ್ಕೆಟ್‌ಬಾಲ್ ಆಡಿದವಳು, ಹಾಗಾಗಿ ಅದರ ಮೇಲೆ ಜೀವ ಜಾಸ್ತಿ. ಉಳಿದಂತೆ ಆಗಸ್ಟ್ 15ರಂದು ಧ್ವಜದ ಹಗ್ಗ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಾರೆ.

ಇದು ಗಂಡುಹುಡುಗರ ಆಟ ಅಲ್ಲೇನ್ರಿ?

ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಕಟ್ಟಿದ್ದು 1891ರ ಡಿಸೆಂಬರ್‌ನಲ್ಲಿ. ಮರುವರ್ಷವೇ ಹತ್ತಿರದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅದನ್ನು ತಮ್ಮ ಹುಡುಗಿಯರಿಗೆ ಕಲಿಸಿದರು. ಅಂದರೆ ಆಟಕ್ಕೆ ಒಂದು ವರ್ಷ ತುಂಬುವಷ್ಟರಲ್ಲಿ ಹೆಣ್ಣುಮಕ್ಕಳು ಅಂಗಳದಲ್ಲಿದ್ದರು. ಒಲಿಂಪಿಕ್ಸ್ ಬಾಗಿಲು ತೆರೆದದ್ದು ಮಾತ್ರ ತಡವಾಗಿ, 1976ರ ಮಾಂಟ್ರಿಯಲ್‌ನಲ್ಲಿ.

ಅಂಗಳ ಇಬ್ಬರಿಗೂ ಒಂದೇ: 28 ಮೀಟರ್ ಉದ್ದ, 15 ಮೀಟರ್ ಅಗಲ. ರಿಂಗ್ ಎತ್ತರವೂ ಅಷ್ಟೇ, 3.05 ಮೀಟರ್. ಚೆಂಡು ಮಾತ್ರ ಬೇರೆ. ಹುಡುಗರದು 7ನೇ ನಂಬರ್, ಹುಡುಗಿಯರದು ಸ್ವಲ್ಪ ಸಣ್ಣ 6ನೇ ನಂಬರ್. ಎಷ್ಟೋ ಕಾಲೇಜುಗಳಲ್ಲಿ ಹುಡುಗರು ಬಳಸಿ ಬಿಟ್ಟ 7ನೇ ನಂಬರ್ ಚೆಂಡನ್ನೇ ಹುಡುಗಿಯರಿಗೆ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೊಡ್ಡ ಚೆಂಡಿನಲ್ಲಿ ಕಲಿತ ಕೈ ಪಂದ್ಯದ ದಿನ ಸಣ್ಣ ಚೆಂಡು ಬಂದಾಗ ತಬ್ಬಿಬ್ಬಾಗುತ್ತದೆ.

ನಮ್ಮ ಹುಡಗಿ ಗಿಡ್ಡ ಅದಾಳ್ರಿ, ನಡೀತದೇನ್ರಿ?

ನಡೆಯುತ್ತದೆ. ಐದು ಜನರಲ್ಲಿ ಒಬ್ಬಳು ಚೆಂಡು ತರುವವಳು ಬೇಕೇ ಬೇಕು. ಗಿಡ್ಡ ಹುಡುಗಿ ಪುಟಿಸುವ ಚೆಂಡು ನೆಲಕ್ಕೆ ಹತ್ತಿರ ಇರುತ್ತದೆ, ಕಸಿಯುವುದು ಕಷ್ಟ.

ನನಗೆ ನಿಜಕ್ಕೂ ಕೆಲಸ ಕೊಡುವವರು ಎತ್ತರದ ಹುಡುಗಿಯರು. ನಮ್ಮ ಊರುಗಳಲ್ಲಿ ಉದ್ದ ಬೆಳೆದ ಹುಡುಗಿ ಹತ್ತನೇ ಕ್ಲಾಸಿಗೇ ಬೆನ್ನು ಬಗ್ಗಿಸಿ ನಡೆಯಲು ಕಲಿತಿರುತ್ತಾಳೆ. ಫೋಟೊದಲ್ಲಿ ಹಿಂದಿನ ಸಾಲು, ಮಾತು ಬಂದಾಗ ತಲೆ ಕೆಳಗೆ. ಅಂಥವಳಿಗೆ ಕೈ ಮೇಲೆತ್ತಿ ಚೆಂಡು ಕೇಳು ಅಂದರೆ ಕಿವಿಯವರೆಗೆ ಎತ್ತಿ ನಿಲ್ಲಿಸುತ್ತಾಳೆ. ಆ ಕೈ ಪೂರ್ತಿ ಮೇಲೆ ಹೋಗುವುದಕ್ಕೆ ಕೆಲವೊಮ್ಮೆ ಒಂದು ಸೆಮಿಸ್ಟರ್ ಹಿಡಿಯುತ್ತದೆ.

ಖೋ ಖೋ ಆಡಾಕಿ ಬಾಸ್ಕೆಟ್‌ಬಾಲ್‌ಗೆ ಬರ್ತಾಳೇನ್ರಿ?

ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಹಳ್ಳಿ ಶಾಲೆ ಅಂದರೆ ಖೋ ಖೋ, ಕಬಡ್ಡಿ. ಬೆಳಗಾವಿ ಪಟ್ಟಣದಿಂದ ಬರುವವರು ಶಾಲೆಯಲ್ಲೇ ಚೆಂಡು ಮುಟ್ಟಿರುವುದುಂಟು. ಸಿಂದಗಿ, ಇಂಡಿ, ಹುನಗುಂದ ಕಡೆಯವರಲ್ಲಿ ಹೆಚ್ಚಿನವರು ರಿಂಗನ್ನು ಮೊದಲು ನೋಡುವುದೇ ನಮ್ಮ ಕಾಲೇಜಿನಲ್ಲಿ. ಹಾಗಾಗಿ ನನ್ನ ತಂಡದ ಅರ್ಧ ಭಾಗ ಯಾವಾಗಲೂ ಖೋ ಖೋದವರು.

ಅವರಲ್ಲಿ ಒಂದು ಗುಣ ಇದೆ. ಮೊಣಕಾಲು ಮಡಚಿ ಕೆಳಗೆ ಕೂತೇ ಓಡುತ್ತಾರೆ, ಗಕ್ಕನೆ ತಿರುಗುತ್ತಾರೆ. ಡಿಫೆನ್ಸಿಗೆ ಇದಕ್ಕಿಂತ ಒಳ್ಳೆಯ ತಳಪಾಯ ಇಲ್ಲ. ತೊಂದರೆ ಅಂದರೆ ಚೆಂಡು ಕೈಗೆ ಬಂದ ಕೂಡಲೇ ಅದನ್ನು ಎದೆಗೆ ಅವಚಿಕೊಂಡು ಓಡಿಬಿಡುತ್ತಾರೆ. ರೆಫರಿ ‘ಟ್ರಾವೆಲಿಂಗ್’ (ಚೆಂಡು ಪುಟಿಸದೆ ಹಿಡಿದು ಓಡಿದ ತಪ್ಪು) ಅಂತ ಸೀಟಿ ಹೊಡೆದರೆ ಇನ್ನೂ ಜೋರಾಗಿ ಓಡುತ್ತಾರೆ.

ಕಬಡ್ಡಿಯವರಿಗೆ ಮೈ ತಾಗುವ ಭಯ ಇಲ್ಲ. ಆದರೆ ಬಾಸ್ಕೆಟ್‌ಬಾಲ್‌ನಲ್ಲಿ ಐದು ಫೌಲ್ ಆದರೆ ಹೊರಗೆ. ನಮ್ಮ ಒಬ್ಬ ಕಬಡ್ಡಿ ಹುಡುಗಿ ಮೊದಲ ಪಂದ್ಯದಲ್ಲೇ ಎದುರಾಳಿಯ ಕಾಲನ್ನು ಎರಡೂ ಕೈಯಿಂದ ಹಿಡಿದುಬಿಟ್ಟಳು. ರೆಫರಿಗೆ ನಗು ತಡೆಯಲು ಆಗಲಿಲ್ಲ, ಸೀಟಿ ಬಾಯಿಂದ ಬಿತ್ತು.

## ಮನೆಯವರು ಕೇಳುವುದು

ಚಡ್ಡಿ ಹಾಕ್ಕೊಂಡ ಆಡಬೇಕೇನ್ರಿ? ತಲಿ ಮ್ಯಾಲಿನ ಸ್ಕಾರ್ಫ್ ತೆಗೀಬೇಕೇನ್ರಿ?

ಎರಡಕ್ಕೂ ದಾರಿ ಇದೆ. ಶಾರ್ಟ್ಸ್ ಒಳಗೆ ಕಾಲಿಗೆ ಅಂಟುವ ಉದ್ದ ಟೈಟ್ಸ್ ಹಾಕಿಕೊಳ್ಳಬಹುದು. ತೋಳಿಗೂ ಅಂಥದ್ದೇ ಸಿಗುತ್ತದೆ. ತಲೆ ಮುಚ್ಚುವ ಬಟ್ಟೆಗೆ ಅಂತರರಾಷ್ಟ್ರೀಯ ಸಂಸ್ಥೆ ಫೀಬಾ 2017ರಲ್ಲೇ ಒಪ್ಪಿಗೆ ಕೊಟ್ಟಿದೆ. ಮುಖ ಮುಚ್ಚಬಾರದು, ಪಿನ್ ಇರಬಾರದು, ಜೋತಾಡುವ ತುದಿ ಇರಬಾರದು. ಬಣ್ಣ ಕಪ್ಪು, ಬಿಳಿ ಅಥವಾ ಜೆರ್ಸಿಯದೇ ಇರಬೇಕು, ತಂಡದಲ್ಲಿ ಹಾಕಿಕೊಂಡ ಎಲ್ಲರದೂ ಒಂದೇ ಬಣ್ಣ ಇರಬೇಕು. ನಾನು ಬಟ್ಟೆ ತರುವಾಗಲೇ ಎಲ್ಲರಿಗೂ ಕಪ್ಪು ಟೈಟ್ಸ್ ತರುತ್ತೇನೆ. ಬೇಕಾದವರು ಹಾಕಿಕೊಳ್ಳುತ್ತಾರೆ. ಯಾರು ಯಾಕೆ ಹಾಕಿಕೊಂಡರು ಅಂತ ಕೇಳುವ ಗೋಜಿಗೆ ಹೋಗುವುದಿಲ್ಲ.

ಇಂಡಿ ಕಡೆಯ ಒಬ್ಬ ತಂದೆ ಮೂರು ದಿನ ಗೇಟಿನ ಹೊರಗೆ ನಿಂತು ಪ್ರಾಕ್ಟೀಸ್ ನೋಡಿದರು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಸಂತೆಯ ಚೀಲ. ಆಯ್ತು, ನಾಳೆಯಿಂದ ಹುಡುಗಿ ಬರುವುದಿಲ್ಲ ಅಂದುಕೊಂಡೆ. ನಾಲ್ಕನೇ ದಿನ ಒಳಗೆ ಬಂದರು. ಚಡ್ಡಿಯ ಮಾತೇ ಎತ್ತಲಿಲ್ಲ. ‘ಅಲ್ರಿ ಮೇಡಂ, ಎಲ್ಲಾರಿಗೂ ಚೆಂಡ ಬರ್ತದ, ನಮ್ಮಾಕಿಗೆ ಯಾಕ ಕೊಡವಲ್ರು?’ ಅಂದರು.

ಬಿಸಿಲಾಗ ಕರ್ರಗ ಆಗ್ತಾಳ, ನಾಳೆ ಮದಿವಿಗೆ ತೊಂದ್ರಿ ಆಗೂದಿಲ್ಲೇನು?

ಪ್ರಾಕ್ಟೀಸ್ ಬೆಳಿಗ್ಗೆ ಐದೂವರೆಗೆ, ಸೂರ್ಯ ಹುಟ್ಟುವ ಮೊದಲು. ಎಂಟಕ್ಕೆ ಮುಗಿಯುತ್ತದೆ. ಮದುವೆಯ ಬಗ್ಗೆ ಹೇಳುವುದಾದರೆ, ನನ್ನ ಹಳೆಯ ತಂಡದವರು ಕಳಿಸಿದ ಲಗ್ನಪತ್ರಿಕೆಗಳನ್ನು ಇಡಲು ಒಂದು ಡ್ರಾಯರ್ ಸಾಲುತ್ತಿಲ್ಲ.

ಹೊರಗಿನ ಊರಿಗೆ ಮ್ಯಾಚಿಗೆ ಹೋದಾಗ ಜೊತಿಗೆ ಯಾರ್ ಇರ್ತಾರ್ರಿ?

ನಾನಿರುತ್ತೇನೆ. ನನಗೆ ಆಗದಿದ್ದರೆ ಇನ್ನೊಬ್ಬ ಮೇಡಂ. ಹೆಣ್ಣುಮಗಳೊಬ್ಬರು ಜೊತೆಗಿಲ್ಲದೆ ತಂಡ ಗೇಟು ದಾಟುವುದಿಲ್ಲ. ಹೊರಡುವ ಮೊದಲು ಪ್ರತಿ ಮನೆಗೂ ಫೋನ್ ಮಾಡುತ್ತೇನೆ. ಮೆಸೇಜ್ ಅಲ್ಲ, ಫೋನ್. ಅವ್ವನ ಹತ್ತಿರ ಮಾತಾಡುತ್ತೇನೆ, ಸಾಧ್ಯವಾದರೆ ಅಜ್ಜಿಯ ಹತ್ತಿರವೂ. ನಿಜ ಹೇಳಬೇಕೆಂದರೆ ಕೋಚಿಂಗ್ ಎಂಬ ಕೆಲಸದಲ್ಲಿ ಅರ್ಧ ಇದೇ. ರಿಂಗಿಗೆ ಚೆಂಡು ಹಾಕಿಸುವುದಕ್ಕಿಂತ ಹುಡುಗಿಯನ್ನು ಅಂಗಳಕ್ಕೆ ತಂದು ನಿಲ್ಲಿಸುವುದು ದೊಡ್ಡ ಕೆಲಸ. ಇದನ್ನು ಯಾವ ಡಿಪ್ಲೊಮಾದಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ.

ಖರ್ಚಿನ ಚಿಂತೆ ಈಗ ಕಡಿಮೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಹನ್ನೆರಡು ಹುಡುಗಿಯರು, ನಾನು, ಹದಿಮೂರು ಜೀರೋ ಟಿಕೆಟ್. ಒಮ್ಮೆ ಕಂಡಕ್ಟರ್ ಚೆಂಡಿನ ಬಲೆಚೀಲ ತೋರಿಸಿ ಇದಕ್ಕೆ ಲಗೇಜ್ ಆಗ್ತದ ಅಂದರು. ಹುಡುಗಿಯರು ತಲೆಗೊಂದು ಚೆಂಡು ತೊಡೆಯ ಮೇಲೆ ಇಟ್ಟುಕೊಂಡು ಕೂತರು, ಲಗೇಜ್ ಮುಗಿಯಿತು. ಸೊಲ್ಲಾಪುರಕ್ಕೆ ಹೋದರೆ ಮಾತ್ರ ಟಿಕೆಟ್ ತೆಗೆಯಬೇಕು.

ಏನ್ ತಿನ್ಸಬೇಕ್ರಿ? ಹಾಲಿಗೆ ಹಾಕೂ ಪುಡಿ ತರಬೇಕೇನ್ರಿ?

ಡಬ್ಬಿ ಪುಡಿ ಬೇಡ. ಜೋಳದ ರೊಟ್ಟಿ, ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಕಳಿಸಬೇಡಿ. ಒಂದು ಬಾಳೆಹಣ್ಣು, ಇಲ್ಲದಿದ್ದರೆ ಒಂದು ಹಿಡಿ ಶೇಂಗಾ, ಒಂದು ತುಂಡು ಬೆಲ್ಲ ಸಾಕು.

ನಾನು ಹಟ ಹಿಡಿಯುವುದು ರಕ್ತ ಪರೀಕ್ಷೆಗೆ. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಮೂರನೇ ಕ್ವಾರ್ಟರ್‌ನಲ್ಲಿ ಸೊಂಟ ಹಿಡಿದು ನಿಂತವಳನ್ನು ಸೋಮಾರಿ ಅಂತ ಬೈಯುವ ಮೊದಲು ಅವಳ ರಿಪೋರ್ಟ್ ನೋಡಬೇಕು. ಇದನ್ನು ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಬೈದದ್ದು ಬೈದಾಗಿತ್ತು. ಡಾಕ್ಟರ್ ಕಬ್ಬಿಣದ ಗುಳಿಗೆ ಕೊಟ್ಟರೆ ಲಿಂಬೆ ನೀರಿನ ಜೊತೆ ತೆಗೆದುಕೊಳ್ಳಲಿ. ಚಹಾದ ಜೊತೆ ಬೇಡ, ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಮ್ಮ ಕಡೆ ಚಹಾ ಬಿಡಿ ಅನ್ನುವುದು ಮಾತ್ರ ಬಲು ಕಷ್ಟದ ಮಾತು.

ಮುಟ್ಟಿನ ದಿನಗಳಲ್ಲಿ ಆಡಬಹುದಾ ಅಂತ ಅವ್ವಂದಿರು ಪಿಸುಮಾತಿನಲ್ಲಿ ಕೇಳುತ್ತಾರೆ. ಆಡಬಹುದು. ಹೊಟ್ಟೆನೋವು ಜಾಸ್ತಿ ಇದ್ದರೆ ಕೂರಬಹುದು. ಕಾರಣ ಹೇಳಬೇಕಿಲ್ಲ, ಕೈ ಎತ್ತಿದರೆ ಸಾಕು.

ಆಡಿದ್ರ ನೌಕರಿ ಸಿಗ್ತದೇನ್ರಿ?

ಅಂತರ ಕಾಲೇಜು ಕಪ್ ಒಂದರಿಂದ ಸಿಗುವುದಿಲ್ಲ. ಸುಮ್ನೆ ಆಸೆ ಹುಟ್ಟಿಸುವುದು ನನಗೆ ಇಷ್ಟವಿಲ್ಲ. ರೈಲ್ವೆ, ಅಂಚೆ, ಪೊಲೀಸ್ ಮೊದಲಾದ ಕಡೆ ಕ್ರೀಡಾ ಕೋಟಾ ಇದೆ. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ರಾಜ್ಯ ತಂಡ, ಅಂತರ ವಿಶ್ವವಿದ್ಯಾಲಯ, ರಾಷ್ಟ್ರಮಟ್ಟದ ಸರ್ಟಿಫಿಕೇಟ್. ಅಲ್ಲಿಗೆ ಮುಟ್ಟುವವರು ಕೆಲವರೇ. ಉಳಿದವರಿಗೆ ಬಿ.ಪಿ.ಇಡ್. (ದೈಹಿಕ ಶಿಕ್ಷಣದ ಪದವಿ) ಮಾಡಿ ಶಾಲೆಯಲ್ಲಿ ದೈಹಿಕ ಶಿಕ್ಷಕಿ ಆಗುವ ದಾರಿ ಇದೆ, ರೆಫರಿ ಪರೀಕ್ಷೆ ಇದೆ. ನಮ್ಮ ಹಳೆ ಹುಡುಗಿಯರಲ್ಲಿ ಪೊಲೀಸ್ ಆದವರು ಹೇಳುವುದು ಬೇರೆ: ಕೋಟಾ ಕೆಲಸಕ್ಕೆ ಬರಲಿಲ್ಲ, ದೈಹಿಕ ಪರೀಕ್ಷೆಯ ಓಟ ಮಾತ್ರ ಸಲೀಸಾಯ್ತು.

## ಕೋಚ್ ಆಗಬೇಕೆನ್ನುವವರಿಗೆ

ನಾನೂ ನಿಮ್ಹಂಗ ಕಾಲೇಜ್ ಕೋಚ್ ಆಗಬೇಕ್ರಿ ಮೇಡಂ, ಏನ್ ಓದ್ಲಿ?

ಡಿಗ್ರಿ ಆದ ಮೇಲೆ ಎರಡು ವರ್ಷ ಬಿ.ಪಿ.ಇಡ್., ಆಮೇಲೆ ಎರಡು ವರ್ಷ ಎಂ.ಪಿ.ಇಡ್. ಅದರಲ್ಲಿ ಶೇ. 55 ಅಂಕ ಬೇಕು. ನಂತರ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಬೇಕು, ಇಲ್ಲವೇ ಪಿಎಚ್.ಡಿ. ಇರಬೇಕು. ನೀವು ಸ್ವತಃ ಕಾಲೇಜು, ವಿಶ್ವವಿದ್ಯಾಲಯ ಅಥವಾ ರಾಜ್ಯದ ಪರವಾಗಿ ಆಡಿದ ದಾಖಲೆಯೂ ಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಓಟದ ಪರೀಕ್ಷೆಯೂ ಇದೆ: 30 ವರ್ಷದೊಳಗಿನ ಮಹಿಳೆ 8 ನಿಮಿಷದಲ್ಲಿ 1000 ಮೀಟರ್ ಮುಗಿಸಬೇಕು. ಪೂರ್ತಿ ಓಡಲೇಬೇಕು ಅಂತಿಲ್ಲ, ನಡುನಡುವೆ ನಡೆಯಲೂಬಹುದು. ಆದರೆ ಬರೀ ನಡಿಗೆಯಲ್ಲಿ ಆಗುವುದಿಲ್ಲ, ನೋಡಿ.

ಇದು ನೌಕರಿಯ ದಾರಿ. ಕೋಚಿಂಗ್ ಕಲಿಯುವ ದಾರಿ ಬೇರೆ. ಪಟಿಯಾಲದಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ, ಎಲ್ಲರೂ ‘ಎನ್‌ಐಎಸ್’ ಅನ್ನುತ್ತಾರೆ. ಅಲ್ಲಿ ಒಂದು ವರ್ಷದ ಡಿಪ್ಲೊಮಾ, ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಎರಡೂ ಉಂಟು. ನನ್ನ ಸಲಹೆ ಕೇಳಿದರೆ ಆರು ವಾರದ್ದನ್ನಾದರೂ ಮಾಡಿ. ಎಂ.ಪಿ.ಇಡ್.ನಲ್ಲಿ ಎಲ್ಲ ಆಟವೂ ಸ್ವಲ್ಪ ಸ್ವಲ್ಪ ಬರುತ್ತದೆ, ಒಂದು ಆಟವೂ ಪೂರ್ತಿ ಬರುವುದಿಲ್ಲ.

ಪಗಾರ ಎಷ್ಟರಿ?

ಕಾಯಂ ಹುದ್ದೆ, ಯುಜಿಸಿ ಏಳನೇ ವೇತನ ಶ್ರೇಣಿ ಆದರೆ ಮೂಲವೇತನ 57,700 ರೂಪಾಯಿಯಿಂದ ಶುರು. ಅತಿಥಿ ಅಥವಾ ಗುತ್ತಿಗೆ ಅಂದರೆ ಅದರ ಹತ್ತಿರಕ್ಕೂ ಬರುವುದಿಲ್ಲ. ನಾನು ಒಂಬತ್ತು ವರ್ಷ ಗುತ್ತಿಗೆಯಲ್ಲೇ ಇದ್ದೆ. ಮೊದಲು ಕೆಲಸ ಮಾಡಿದ ಕಾಲೇಜಿನಲ್ಲಿ ಏಪ್ರಿಲ್, ಮೇ ರಜೆ ಅಂತ ಸಂಬಳ ಹಿಡಿಯುತ್ತಿದ್ದರು, ಆದರೆ ಬೇಸಿಗೆ ಶಿಬಿರ ಮಾತ್ರ ನಾನೇ ನಡೆಸಬೇಕಿತ್ತು. ಮನೆಯಲ್ಲಿ ಅತ್ತೆ ‘ಪಗಾರ ಇಲ್ಲದ ತಿಂಗಳೂ ಐದಕ್ಕ ಏಳ್ತೀಯಲ್ಲ’ ಅನ್ನುತ್ತಿದ್ದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಸೇರುವಾಗ ಹನ್ನೆರಡು ತಿಂಗಳ ಸಂಬಳವೋ ಹತ್ತು ತಿಂಗಳದ್ದೋ ಅಂತ ಬರಹದಲ್ಲಿ ಕೇಳಿ. ನಾಚಿಕೆ ಬೇಡ.

ನಾನು ಗಂಡಸು. ಹೆಣ್ಣುಮಕ್ಕಳ ತಂಡಕ್ಕೆ ಕೋಚ್ ಆಗಬಹುದೇ?

ಆಗಬಹುದು, ಒಳ್ಳೆಯವರು ಬಹಳ ಜನ ಇದ್ದಾರೆ. ನನಗೆ ಲೇಅಪ್ (ಓಡಿ ಬಂದು ಹಾರಿ ರಿಂಗಿನ ಹತ್ತಿರದಿಂದ ಚೆಂಡು ಹಾಕುವುದು) ಕಲಿಸಿದವರೂ ಒಬ್ಬ ಸರ್. ಆದರೆ ಕೆಲವು ಗೆರೆಗಳನ್ನು ಮೊದಲ ದಿನವೇ ಹಾಕಿಕೊಳ್ಳಿ. ಕೈ ಹಿಡಿದು ತಿದ್ದುವ ಬದಲು ನೀವೇ ಮಾಡಿ ತೋರಿಸಿ. ಒಬ್ಬಳಿಗೇ ಮೆಸೇಜ್ ಕಳಿಸಬೇಡಿ, ಗುಂಪಿಗೆ ಹಾಕಿ. ಸ್ಟೋರ್ ರೂಮಿನ ಬಾಗಿಲು ತೆರೆದಿರಲಿ. ಪ್ರವಾಸಕ್ಕೆ ಮಹಿಳಾ ಸಿಬ್ಬಂದಿ ಇಲ್ಲದಿದ್ದರೆ ತಂಡ ಕರೆದುಕೊಂಡು ಹೋಗಲೇಬೇಡಿ, ಪಂದ್ಯ ಬಿಟ್ಟುಕೊಟ್ಟರೂ ಚಿಂತೆಯಿಲ್ಲ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ಅದರಲ್ಲಿ ಯಾರಿದ್ದಾರೆ, ಎಲ್ಲಿ ಸಿಗುತ್ತಾರೆ ಅನ್ನುವುದನ್ನು ಸೀಸನ್ ಶುರುವಾಗುವ ದಿನವೇ ಹುಡುಗಿಯರಿಗೆ ನೀವೇ ಹೇಳಿ. ಇದು ಮಹಿಳಾ ಕೋಚ್‌ಗಳಿಗೂ ಅಷ್ಟೇ ಅನ್ವಯ.

## ಈಗಾಗಲೇ ಆಡಿಸುತ್ತಿರುವವರಿಗೆ

ನಮ್ಮ ಸಿಮೆಂಟ್ ಕೋರ್ಟ್ ಎರಡೇ ವರ್ಷಕ್ಕ ಬಿರುಕ ಬಿಟ್ಟದ, ಏನ್ ಮಾಡೂದು?

ನಮ್ಮದೂ ಬಿಟ್ಟಿದೆ. ಫ್ರೀ ಥ್ರೋ ಗೆರೆಯಿಂದ ಶುರುವಾಗಿ ಸೊಟ್ಟಪಟ್ಟ ಹರಿದು ಸೈಡ್ ಲೈನ್ ಮುಟ್ಟುತ್ತದೆ. ಹುಡುಗಿಯರು ಅದಕ್ಕೆ ‘ಡೋಣಿ’ ಅಂತ ಹೆಸರಿಟ್ಟಿದ್ದಾರೆ. ಡೋಣಿ ಹೊಳೆಯ ಹರಿವು ನೋಡಿದವರಿಗೆ ಹೆಸರು ಎಷ್ಟು ಸರಿ ಅಂತ ಗೊತ್ತಾಗುತ್ತದೆ. ಚೆಂಡು ಡೋಣಿಗೆ ಬಿದ್ದರೆ ಯಾವ ಕಡೆ ಪುಟಿಯುತ್ತದೆ ಅನ್ನುವುದು ನಮ್ಮವರಿಗೆ ಬಾಯಿಪಾಠ, ಬೇರೆ ಕಾಲೇಜಿನವರಿಗೆ ಗೊತ್ತಿಲ್ಲ. ಇದನ್ನು ಹೋಮ್ ಗ್ರೌಂಡಿನ ಅನುಕೂಲ ಅನ್ನಬಹುದೇನೋ.

ಕಾರಣ ನಮ್ಮ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಸೀಳುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೆ ಅದೂ ಜೊತೆಗೇ ಸೀಳುತ್ತದೆ. ಹೊಸದಾಗಿ ಕಟ್ಟಿಸುವವರು ಎರೆ ಮಣ್ಣು ತೆಗೆಸಿ, ಗರಸು ತುಂಬಿಸಿ, ನೀರು ಹಾಕಿ ರೋಲರ್ ಹೊಡೆಸಿ, ಆಮೇಲೆ ತುಂಡು ತುಂಡಾಗಿ ಕಾಂಕ್ರೀಟ್ ಹಾಕಿಸಿ, ನಡುವೆ ಸಂದು ಬಿಡಿಸಿ. ನೀರು ಹರಿಯಲು ಸ್ವಲ್ಪ ಇಳಿಜಾರು ಇರಲಿ. ಗೆರೆಯ ಹೊರಗೆ ಸುತ್ತ 2 ಮೀಟರ್ ಖಾಲಿ ಜಾಗ ಬಿಡಿ. ಕಾಂಟ್ರ್ಯಾಕ್ಟರ್ ‘ಏನೂ ಆಗೂದಿಲ್ರಿ ಮೇಡಂ’ ಅಂದರೆ ನಂಬಬೇಡಿ, ನಾನು ನಂಬಿದ್ದೆ.

ಪ್ರಾಕ್ಟೀಸಿಗೆ ಮೊದಲು ಕಸಬರಿಗೆ ಹಿಡಿಯಿರಿ. ನಮ್ಮ ಗಾಳಿಗೆ ಒಂದೇ ರಾತ್ರಿಯಲ್ಲಿ ಸಣ್ಣ ಮಣ್ಣು ಕೂರುತ್ತದೆ, ಕಾಲು ಜಾರುವುದು ಅದರಿಂದಲೇ. ಪಾಳಿಯ ಪ್ರಕಾರ ಇಬ್ಬರು ಗುಡಿಸುತ್ತಾರೆ. ನನ್ನದೂ ಒಂದು ಪಾಳಿ ಇದೆ.

ಮೊದಲ ತಿಂಗಳು ಏನು ಕಲಿಸುತ್ತೀರಿ?

ನಿಲ್ಲುವುದು. ಓಡಿ ಬಂದು ಎರಡೂ ಕಾಲು ಒಟ್ಟಿಗೆ ಊರಿ ನಿಲ್ಲುವುದು, ಒಂದು ಕಾಲು ಅಲುಗಿಸದೆ ಇನ್ನೊಂದರಿಂದ ತಿರುಗುವುದು. ಮೊದಲ ವಾರ ಚೆಂಡನ್ನೇ ಕೊಡುವುದಿಲ್ಲ. ಹುಡುಗಿಯರು ಗೊಣಗುತ್ತಾರೆ, ಗೊಣಗಲಿ.

ಎರಡನೇ ವಾರ ಲೇಅಪ್. ರಿಂಗಿನ ಬಲಗಡೆ ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಹೆಜ್ಜೆ ಬರೆಯುತ್ತೇನೆ, ಬಲಗಾಲಿನದೊಂದು, ಅದರ ಮುಂದೆ ಎಡಗಾಲಿನದೊಂದು. ‘ಬಲ, ಎಡ, ಮ್ಯಾಲೆ’ ಅಂತ ಎಲ್ಲರೂ ಒಟ್ಟಿಗೆ ಕೂಗಬೇಕು. ಎಡಗಾಲಿನಿಂದ ಹಾರಿದಾಗ ಬಲ ಮೊಣಕಾಲು ತಾನೇ ಮೇಲೇಳುತ್ತದೆ, ಬಲಗೈ ರಿಂಗಿಗೆ ಹತ್ತಿರ ಹೋಗುತ್ತದೆ. ಚೆಂಡನ್ನು ರಿಂಗಿಗೆ ಎಸೆಯಬಾರದು, ಬೋರ್ಡಿನ ಮೇಲಿನ ಚೌಕದ ಮೂಲೆಗೆ ಮುಟ್ಟಿಸಿ ಬರಬೇಕು. ಮೂರನೇ ದಿನಕ್ಕೆ ಸೀಮೆಸುಣ್ಣ ಅಳಿಸಿಹೋಗಿರುತ್ತದೆ, ಆದರೂ ಕಾಲು ಅಲ್ಲೇ ಬೀಳುತ್ತದೆ. ಅದನ್ನು ನೋಡುವುದು ನನಗೆ ಇವತ್ತಿಗೂ ಖುಷಿ.

ದೂರದಿಂದ ಹೊಡೆಯುವುದನ್ನು ದೀಪಾವಳಿವರೆಗೆ ಮುಟ್ಟಿಸುವುದಿಲ್ಲ. ತ್ರೀ ಪಾಯಿಂಟ್ ಗೆರೆ 6.75 ಮೀಟರ್ ದೂರ. ಬಲ ಬರುವ ಮೊದಲೇ ಅಲ್ಲಿಂದ ಎಸೆದರೆ ಚೆಂಡನ್ನು ಹೊಟ್ಟೆಯಿಂದ ತಳ್ಳುವ ಚಟ ಬೀಳುತ್ತದೆ. ಆ ಚಟ ಬಿಡಿಸುವುದರಲ್ಲೇ ಡಿಗ್ರಿ ಮುಗಿಯುತ್ತದೆ.

ಅಂತರ ಕಾಲೇಜಿನಿಂದ ಮೇಲೆ ಹೋಗುವುದು ಹೇಗೆ?

ನಿಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ ಅದರ ಅಂತರ ಕಾಲೇಜು ಪಂದ್ಯಾವಳಿ ಮೊದಲ ಮೆಟ್ಟಿಲು. ನಮ್ಮದು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. 2003ರಲ್ಲಿ ಶುರುವಾಗಿ 2017ರಲ್ಲಿ ಈ ಹೆಸರು ಪಡೆಯಿತು. 2010ರಲ್ಲಿ ಬೆಳಗಾವಿಯಲ್ಲಿ ಶುರುವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದೇ ಬೇರೆ ಪಂದ್ಯಾವಳಿ, ಎಂಜಿನಿಯರಿಂಗ್ ಕಾಲೇಜುಗಳಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಂದ್ಯಾವಳಿ. ಅಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ವಿಶ್ವವಿದ್ಯಾಲಯದ ತಂಡ ಕಟ್ಟುತ್ತಾರೆ. ಆಯ್ಕೆಯಾದವಳು ‘ಬ್ಲೂ’ ಆದಳು ಅನ್ನುತ್ತೇವೆ. ಆಮೇಲೆ ದಕ್ಷಿಣ ವಲಯ, ಅಲ್ಲಿ ಮೇಲಿನ ಸ್ಥಾನ ಬಂದರೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2020ರಲ್ಲಿ ಭುವನೇಶ್ವರದಲ್ಲಿ ಶುರುವಾಯಿತು. ಎರಡನೆಯದು 2022ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು.

ಕಾಗದಪತ್ರದ ವಿಷಯದಲ್ಲಿ ಕೈಮುಗಿದು ಹೇಳುತ್ತೇನೆ. ಅರ್ಹತಾ ಫಾರ್ಮ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಗುರುತಿನ ಚೀಟಿ, ಎಲ್ಲದರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಒಂದು ವರ್ಷ ಒಬ್ಬಳ ಫೋಟೊದ ಮೇಲೆ ಪ್ರಿನ್ಸಿಪಾಲರ ಸೀಲ್ ಹಾಕಿಸುವುದನ್ನು ಮರೆತೆ. ಟೇಬಲ್‌ನಲ್ಲಿದ್ದವರು ಆಡಲು ಬಿಡಲಿಲ್ಲ. ನಿಯಮ ಅವರದು, ತಪ್ಪು ನನ್ನದು. ಅವಳದು ಕೊನೆಯ ವರ್ಷ. ಜೆರ್ಸಿ ಹಾಕಿಕೊಂಡೇ ಬೆಂಚಿನಲ್ಲಿ ಕೂತು ಉಳಿದವರಿಗೆ ನೀರು ಕೊಟ್ಟಳು. ಅಂದಿನಿಂದ ನನ್ನ ಪರ್ಸಿನಲ್ಲಿ ಒಂದು ಪಟ್ಟಿ ಇರುತ್ತದೆ, ಪ್ರತಿ ಹೆಸರಿನ ಮುಂದೆ ‘ಸೀಲ್’ ಅಂತ ಒಂದು ಕಾಲಂ.

ಮೂರು ವರ್ಷಕ್ಕೊಮ್ಮೆ ತಂಡ ಖಾಲಿ ಆಗುತ್ತಲ್ಲ, ಬೇಜಾರಾಗೋದಿಲ್ವಾ?

ಲೆಕ್ಕ ಹಾಕಿದರೆ ಮೂರು ವರ್ಷವೂ ಇಲ್ಲ. ಮೊದಲ ವರ್ಷ ಅಡ್ಮಿಷನ್ ಮುಗಿಯುವಷ್ಟರಲ್ಲಿ ಪಂದ್ಯಾವಳಿ ಬಂದಿರುತ್ತದೆ. ಕೊನೆಯ ವರ್ಷ ಕೆಲವರ ನಿಶ್ಚಯ ಆಗಿರುತ್ತದೆ, ಕೆಲವರಿಗೆ ಪರೀಕ್ಷೆಯ ಚಿಂತೆ. ಪೂರ್ತಿ ಕೈಗೆ ಸಿಗುವುದು ನಡುವಿನ ಒಂದು ಸೀಸನ್. ಬೇಜಾರಿಗೆ ಮದ್ದು ಅಂತ ನಾನು ಕಂಡುಕೊಂಡದ್ದು ಒಂದೇ: ಹಳೆಯವಳೊಬ್ಬಳು ಹೊಸಬಳೊಬ್ಬಳಿಗೆ ಜೋಡಿ. ಲೇಅಪ್ ಹೇಳಿಕೊಡುವುದು ಅವಳೇ, ನಾನಲ್ಲ. ‘ಅಕ್ಕಾ’ ಅಂತ ಕರೆಸಿಕೊಂಡವಳು ಪ್ರಾಕ್ಟೀಸ್ ತಪ್ಪಿಸುವುದಿಲ್ಲ. ಐದೂವರೆಗೆ ತಂಗಿ ಬಂದು ನಿಂತಿರುತ್ತಾಳಲ್ಲ.

ಮೊಣಕಾಲಿನ ಪೆಟ್ಟು ಹುಡುಗಿಯರಿಗೇ ಯಾಕೆ ಜಾಸ್ತಿ?

ನಿಜ, ಎಸಿಎಲ್ (ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು) ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಹಾರಿ ಇಳಿಯುವಾಗ ಮೊಣಕಾಲು ಒಳಗೆ ವಾಲುವುದು, ಕಾಲು ನೆಟ್ಟಗಿಟ್ಟು ಇಳಿಯುವುದು, ತೊಡೆಯ ಹಿಂಭಾಗದಲ್ಲಿ ಬಲ ಇಲ್ಲದಿರುವುದು, ಇವು ನಾವು ತಿದ್ದಬಹುದಾದ ಕಾರಣಗಳು. ದಿನಾ ಹದಿನೈದು ನಿಮಿಷ ಹಾರಿ ಇಳಿಯುವುದನ್ನೇ ಮಾಡಿಸುತ್ತೇನೆ. ಎದುರು ನಿಂತು ನೋಡುವುದಕ್ಕಿಂತ ಬೆನ್ನು ತಿರುಗಿಸಿ ಕೇಳುವುದು ಒಳ್ಳೆಯದು. ‘ಧಪ್’ ಅಂದರೆ ಮತ್ತೆ. ಬೆಕ್ಕು ಕಟ್ಟೆಯಿಂದ ಇಳಿದಂತೆ ಸದ್ದಿಲ್ಲದೆ ಇಳಿದರೆ ಮುಂದಿನದು.

ಆಡುವಾಗ ಮೊಣಕಾಲಿನಲ್ಲಿ ‘ಪಟ್’ ಅಂತ ಸದ್ದಾಗಿ, ಕೆಲವೇ ಗಂಟೆಯಲ್ಲಿ ಬಾತುಕೊಂಡರೆ ನೇರ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಎಳೆಸಬೇಡಿ. ಆಪರೇಷನ್ ಆದರೆ ಮತ್ತೆ ಅಂಗಳಕ್ಕೆ ಬರಲು ಒಂಬತ್ತು ತಿಂಗಳಾದರೂ ಬೇಕು. ಕಪ್ ಇದೆ ಅಂತ ಅವಸರ ಮಾಡಿಸಿದರೆ ಎರಡನೇ ಸಲ ಹರಿಯುತ್ತದೆ.

ಜೋನ್ ಆಡಿಸಬೇಕೋ, ಮ್ಯಾನ್ ಟು ಮ್ಯಾನೋ?

ಗೆಲ್ಲಬೇಕಾದರೆ 2-3 ಜೋನ್, ಅಂದರೆ ಪ್ರತಿಯೊಬ್ಬಳೂ ಒಬ್ಬ ಎದುರಾಳಿಯ ಬದಲು ತನ್ನ ಜಾಗವನ್ನು ಕಾಯುವುದು. ಇಬ್ಬರು ಮುಂದೆ, ಮೂವರು ರಿಂಗಿನ ಹತ್ತಿರ. ನಮ್ಮ ಮಟ್ಟದಲ್ಲಿ ದೂರದಿಂದ ಹಾಕುವವರು ಕಡಿಮೆ. ಒಳಗೆ ಬಾಗಿಲು ಹಾಕಿದರೆ ಎದುರಿನವರು ಹೊರಗೇ ಚೆಂಡು ತಿರುಗಿಸುತ್ತಾ ರಿಂಗಿಗೆ ಹೊಡೆಯಲು ಇರುವ 24 ಸೆಕೆಂಡ್ ಕಳೆಯುತ್ತಾರೆ. ನಾನೂ ಅದರಿಂದ ಕಪ್ ಗೆದ್ದಿದ್ದೇನೆ.

ಆದರೆ ಹೊಸ ಹುಡುಗಿಯರಿಗೆ ಮೊದಲ ವರ್ಷ ನಾನು ಮ್ಯಾನ್ ಟು ಮ್ಯಾನ್ ಬಿಟ್ಟು ಬೇರೆ ಕಲಿಸುವುದಿಲ್ಲ. ಜೋನ್‌ನಲ್ಲಿ ಯಾರಿಂದ ಗೋಲಾಯ್ತು ಅಂತ ಗೊತ್ತಾಗುವುದಿಲ್ಲ, ಐವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತನ್ನ ಎದುರಾಳಿಯನ್ನು ತಾನೇ ತಡೆಯಲು ಕಲಿತವಳು ಜೋನ್‌ಗೆ ಒಂದು ವಾರದಲ್ಲಿ ಹೊಂದಿಕೊಳ್ಳುತ್ತಾಳೆ. ಬರೀ ಜೋನ್ ಆಡಿದವಳು ವಿಶ್ವವಿದ್ಯಾಲಯದ ಆಯ್ಕೆಗೆ ಹೋದಾಗ ಎರಡೇ ನಿಮಿಷದಲ್ಲಿ ಸಿಕ್ಕಿಬೀಳುತ್ತಾಳೆ. ಈ ವಿಷಯದಲ್ಲಿ ಜೊತೆಯ ಕೋಚ್‌ಗಳ ಹತ್ತಿರ ಜಗಳವಾಡಿದ್ದೇನೆ, ಇನ್ನೂ ಆಡುತ್ತೇನೆ.

ಅಮೆರಿಕದಾಗ ಕಾಲೇಜ್ ಕೋಚ್‌ಗೆ ಕೋಟಿಗಟ್ಟಲೆ ಪಗಾರ ಅಂತಲ್ರಿ?

ಈಗ ಹೌದು. ಮೊದಲು ಹಾಗಿರಲಿಲ್ಲ. ಟೆನೆಸಿ ವಿಶ್ವವಿದ್ಯಾಲಯದ ಪ್ಯಾಟ್ ಸಮಿಟ್ 1974ರಲ್ಲಿ ಮಹಿಳಾ ತಂಡದ ಮುಖ್ಯ ಕೋಚ್ ಆದಾಗ ವಯಸ್ಸು 22, ಸಂಬಳ ತಿಂಗಳಿಗೆ 250 ಡಾಲರ್. ತಂಡದ ವ್ಯಾನ್ ಓಡಿಸುತ್ತಿದ್ದವರೂ ಅವರೇ, ಜೆರ್ಸಿ ಒಗೆಯುತ್ತಿದ್ದವರೂ ಅವರೇ. 38 ಸೀಸನ್‌ಗಳಲ್ಲಿ 1098 ಪಂದ್ಯ, 8 ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 1976ರ ಒಲಿಂಪಿಕ್ಸ್‌ನಲ್ಲಿ ಆಟಗಾರ್ತಿಯಾಗಿ ಬೆಳ್ಳಿ, 1984ರಲ್ಲಿ ಕೋಚ್ ಆಗಿ ಚಿನ್ನ. ಮರೆವಿನ ಕಾಯಿಲೆ ಬಂದು 2012ರಲ್ಲಿ ಹುದ್ದೆ ಬಿಟ್ಟರು, 2016ರಲ್ಲಿ ತೀರಿಕೊಂಡರು. ಆಮೇಲೆ ಸ್ಟ್ಯಾನ್‌ಫರ್ಡ್‌ನ ಟಾರಾ ವ್ಯಾನ್‌ಡರ್‌ವೀರ್ ಆ ಸಂಖ್ಯೆ ದಾಟಿ, 1216 ಗೆಲುವಿನೊಂದಿಗೆ 2024ರಲ್ಲಿ ನಿವೃತ್ತರಾದರು.

ಅಲ್ಲಿ ದಾರಿ ತೆರೆದದ್ದು 1972ರ ‘ಟೈಟಲ್ ನೈನ್’ ಕಾನೂನು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅಂದಿತು. ಅಂಗಳ, ಬಸ್ಸು, ವಿದ್ಯಾರ್ಥಿವೇತನ ಎಲ್ಲ ನಿಧಾನಕ್ಕೆ ಅದರ ಹಿಂದೆ ಬಂದವು. ನನಗೆ ಸಮಿಟ್ ಅವರ ಗೆಲುವಿನ ಸಂಖ್ಯೆಗಿಂತ ಇನ್ನೊಂದು ಮಾತು ಹೆಚ್ಚು ಇಷ್ಟ: ಅವರ ಕೈಯಲ್ಲಿ ಆಟದ ವರ್ಷಗಳನ್ನು ಪೂರ್ತಿ ಮುಗಿಸಿದ ಪ್ರತಿಯೊಬ್ಬ ಹುಡುಗಿಯೂ ಡಿಗ್ರಿ ಮುಗಿಸಿದ್ದಳು. ಜೆರ್ಸಿ ಒಗೆಯುವುದು ನನಗೂ ಗೊತ್ತು. ನಮ್ಮ ಕಡೆಯ ಸವಳು ನೀರಿಗೆ ಸೋಪು ನೊರೆಯೇ ಬರುವುದಿಲ್ಲ, ಅದೊಂದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಒಂದು ಪಾಯಿಂಟ್ ಹಿಂದಿದ್ದೇವೆ, ಚೆಂಡು ಅವರ ಕೈಯಲ್ಲಿದೆ. ಫೌಲ್ ಮಾಡಿಸಬೇಕಾ?

ಗಡಿಯಾರ ನೋಡಿ. 24 ಸೆಕೆಂಡಿಗಿಂತ ಜಾಸ್ತಿ ಉಳಿದಿದ್ದರೆ ಬೇಡ. ಉದಾಹರಣೆಗೆ 32 ಸೆಕೆಂಡ್ ಇದ್ದರೆ ಅವರು 24ರೊಳಗೆ ಹೊಡೆಯಲೇಬೇಕು, ನಮಗೆ 8 ಸೆಕೆಂಡ್ ಸಿಗುತ್ತದೆ. ತಡೆಯಿರಿ, ರೀಬೌಂಡ್ (ರಿಂಗಿಗೆ ಬಡಿದು ಮರಳಿದ ಚೆಂಡು) ಹಿಡಿಯಿರಿ, ಓಡಿ ಹೋಗಿ ಹಾಕಿ. ಸೀಟಿ ಆಗಿ ಆಟ ನಿಂತರೆ, ಇಲ್ಲವೇ ಅವರೇ ಗೋಲು ಹಾಕಿದರೆ ಟೈಮ್‌ಔಟ್ ಕೇಳಿ. ಕೊನೆಯ ಎರಡು ನಿಮಿಷದಲ್ಲಿ ಟೈಮ್‌ಔಟ್ ಆದ ಮೇಲೆ ಚೆಂಡನ್ನು ಎದುರಾಳಿಯ ಅರ್ಧದಿಂದ ಒಳಗೆ ಹಾಕುವ ಅವಕಾಶ ಇರುತ್ತದೆ. ಅದಕ್ಕೇ ಒಂದು ಟೈಮ್‌ಔಟ್ ಉಳಿಸಿಟ್ಟುಕೊಳ್ಳಬೇಕು. 24ಕ್ಕಿಂತ ಕಡಿಮೆ ಇದ್ದರೆ ಬೇರೆ ದಾರಿ ಇಲ್ಲ, ಫೌಲ್ ಮಾಡಿ ಗಡಿಯಾರ ನಿಲ್ಲಿಸಿ, ಫ್ರೀ ಥ್ರೋ ಹಾಕಲು ಬಾರದವಳನ್ನು ನೋಡಿ ಮಾಡಿ.

ನನ್ನ ಒಂದು ತಂಡ ಹೀಗೇ ಸಿಕ್ಕಿಕೊಂಡಿತ್ತು. 19 ಸೆಕೆಂಡ್ ಇತ್ತು. ‘ಫೌಲ್, ಫೌಲ್’ ಅಂತ ಸೈಡ್ ಲೈನಿನಿಂದ ಕಿರುಚಿದೆ. ಹುಡುಗಿಯರು ಹೆದರಿ ದೂರ ಸರಿದರು. ವರ್ಷಪೂರ್ತಿ ನಾನೇ ಫೌಲ್ ಮಾಡಬೇಡಿ ಅಂತ ಬೈದಿದ್ದೆನಲ್ಲ! ಒಂದೇ ಪಾಯಿಂಟಿನಿಂದ ಸೋತೆವು. ವಾಪಸ್ ಬರುವ ಬಸ್ಸಿನಲ್ಲಿ ಕೊಲ್ಹಾರ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸೀಟಿನಿಂದ ಒಬ್ಬಳು, ‘ಮೇಡಂ, ಫೌಲ್ ಮಾಡೂದು ಯಾವಾಗ ಕಲಿಸ್ತೀರಿ?’ ಅಂದಳು. ಮರುದಿನ ಬೆಳಿಗ್ಗೆ ಐದೂವರೆಗೆ ಅದನ್ನೇ ಕಲಿಸಿದೆ.